ಸೌದೆ ಅಂಗಿಯಾಗುವುದು ಹೇಗೆ? ಎಷ್ಟು ಬೇಯಿಸಬೇಕು, ಎಲ್ಲಿ ನಿಲ್ಲಿಸಬೇಕು?

ಪ್ರಶ್ನೆ (ಪಿಯು ರಸಾಯನಶಾಸ್ತ್ರ ಉಪನ್ಯಾಸಕಿ, ರಾಣೆಬೆನ್ನೂರು):

ನಮಸ್ಕಾರ ಸರ್. ಮರದಿಂದ ರೇಯಾನ್ ನೂಲು ಬರುತ್ತದೆ ಎಂದು ಪಾಠ ಮಾಡುವಾಗ ಒಬ್ಬ ಹುಡುಗ ಎದ್ದು, ‘ಸೌದೆ ಅಂಗಿಯಾಗುವುದು ಹೇಗೆ ಮೇಡಂ?’ ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು, ನಾನು ತಡವರಿಸಿದೆ. ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದರೆ ನಾರುಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಕರಗಿ ನಾರಿನ ಸೆಲ್ಯುಲೋಸ್ ಉಳಿಯುತ್ತದೆ ಎನ್ನುವುದಷ್ಟೇ ನನಗೆ ಗೊತ್ತು. ಹಾಗಾದರೆ ಇನ್ನೂ ನಾಲ್ಕು ಗಂಟೆ ಹೆಚ್ಚು ಬೇಯಿಸಿ ಪೂರ್ತಿ ಶುದ್ಧ ಸೆಲ್ಯುಲೋಸ್ ಪಡೆಯಬಹುದಲ್ಲವೇ? ನಮ್ಮ ಪ್ರಯೋಗಾಲಯದಲ್ಲಿ ಮಾಡಿ ತೋರಿಸಲು ಆಗುತ್ತದೆಯೇ?

ಉತ್ತರ (ನಿವೃತ್ತ ಪಲ್ಪ್ ರಸಾಯನಜ್ಞ):

ಹುಡುಗನಿಗೆ ಶಹಬ್ಬಾಸ್ ಹೇಳಿ ಮೇಡಂ. ಹೆಚ್ಚು ಬೇಯಿಸುವ ನಿಮ್ಮ ಉಪಾಯವನ್ನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಯೋಚಿಸಿದ್ದೆ. ಲಿಗ್ನಿನ್ ತೆಗೆಯುವುದು ಕಷ್ಟವಲ್ಲ. ಸೆಲ್ಯುಲೋಸ್ ಹಾಳಾಗುವ ಮೊದಲು ಕೈ ತೆಗೆಯುವುದು ಕಷ್ಟ.

ಒಣಗಿದ ಮರದಲ್ಲಿ ನೂರಕ್ಕೆ ಸುಮಾರು 40ರಿಂದ 50 ಭಾಗ ಸೆಲ್ಯುಲೋಸ್. ಉಳಿದದ್ದು ಹೆಮಿಸೆಲ್ಯುಲೋಸ್ (ಸೆಲ್ಯುಲೋಸಿನ ಗಿಡ್ಡ ನಂಟ, ಸಕ್ಕರೆಗಳ ಚಿಕ್ಕ ಸರ), ಲಿಗ್ನಿನ್, ಸ್ವಲ್ಪ ರಾಳ ಮತ್ತು ಖನಿಜ. ತೊಗಟೆ ಸುಲಿದ ಕಟ್ಟಿಗೆಯನ್ನು ಬೆರಳಿನ ಅಗಲದ ಚಕ್ಕೆಗಳಾಗಿ ಕತ್ತರಿಸಿ, ಹಬೆ ಹಾಯಿಸಿ ಒಳಗಿನ ಗಾಳಿ ಓಡಿಸಿ, ಡೈಜೆಸ್ಟರ್ ಎಂಬ ದೈತ್ಯ ಕುಕ್ಕರ್‌ಗೆ ತುಂಬುತ್ತಾರೆ. ಚಕ್ಕೆ ದಪ್ಪವಾದರೆ ಹೊರಗೆ ಬೆಂದು ನಡುವೆ ಹಸಿಯಾಗಿಯೇ ಉಳಿಯುತ್ತದೆ. ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಬೆರೆತ ವೈಟ್ ಲಿಕ್ಕರ್ ಹಾಕಿ 160ರಿಂದ 170 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಇದೇ ಕ್ರಾಫ್ಟ್ ವಿಧಾನ. ಜರ್ಮನ್ ರಸಾಯನಜ್ಞ ಕಾರ್ಲ್ ಡಾಲ್ 1879ರಲ್ಲಿ ಇದನ್ನು ಕಂಡುಹಿಡಿದರು. ‘ಸಲ್ಫೇಟ್ ವಿಧಾನ’ ಎಂಬ ಹೆಸರೂ ಇದಕ್ಕಿದೆ, ಆದರೆ ಬೇಯಿಸುವುದರಲ್ಲಿ ಸಲ್ಫೇಟ್‌ಗೆ ಯಾವ ಪಾತ್ರವೂ ಇಲ್ಲ. ನಷ್ಟವಾದ ರಾಸಾಯನಿಕವನ್ನು ತುಂಬಿಕೊಳ್ಳಲು ಸೋಡಿಯಂ ಸಲ್ಫೇಟ್ ಹಾಕುತ್ತಿದ್ದರು, ಬೆಂದ ಮೇಲಿನ ರಸವನ್ನು ಸುಡುವ ಕುಲುಮೆಯಲ್ಲಿ ಅದು ಸಲ್ಫೈಡ್ ಆಗುತ್ತಿತ್ತು. ಪರೀಕ್ಷೆಯಲ್ಲಿ ಹುಡುಗರು ಎಡವುವ ಜಾಗ ಇದು.

ಈಗ ನಿಮ್ಮ ನಾಲ್ಕು ಗಂಟೆಗೆ ಬರೋಣ. ಸೆಲ್ಯುಲೋಸ್ ಎಂದರೆ ಗ್ಲೂಕೋಸ್ ಮಣಿಗಳ ಉದ್ದನೆಯ ಸರ. ಬಿಸಿ ಕ್ಷಾರವು ಆ ಸರದ ಒಂದು ತುದಿಯಿಂದ ಒಂದೊಂದೇ ಮಣಿ ಕಳಚುತ್ತಾ ಹೋಗುತ್ತದೆ. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು ಕ್ರಿಯೆ ನಡೆದು ತುದಿಗೆ ಗಂಟು ಬೀಳುತ್ತದೆ, ಕಳಚುವುದು ನಿಲ್ಲುತ್ತದೆ. ಆದರೆ ಶಾಖ ಹೆಚ್ಚಿದ್ದರೆ ಸರ ನಡುವೆಯೇ ತುಂಡಾಗಿ ಹೊಸ ತುದಿ ಹುಟ್ಟುತ್ತದೆ, ಕಳಚುವುದು ಮತ್ತೆ ಮೊದಲಾಗುತ್ತದೆ. ಕೊನೆಯ ಚೂರು ಲಿಗ್ನಿನ್ ಬೆನ್ನು ಹತ್ತಿದರೆ ನಾರೂ ಹೋಗುತ್ತದೆ, ಉಳಿದ ನಾರಿನ ಬಲವೂ ಹೋಗುತ್ತದೆ. ಅದಕ್ಕೇ ಸ್ವಲ್ಪ ಲಿಗ್ನಿನ್ ಇರುವಾಗಲೇ ಬೇಯಿಸುವುದನ್ನು ನಿಲ್ಲಿಸಿ, ಉಳಿದದ್ದನ್ನು ಆಮ್ಲಜನಕ, ಕ್ಲೋರಿನ್ ಡೈಆಕ್ಸೈಡ್‌ಗಳಿಂದ ಬಿಳುಪುಗೊಳಿಸುವ ಹಂತಕ್ಕೆ ಬಿಡುತ್ತಾರೆ.

ಅನ್ನ ಬೆಂದಿತೇ ಎಂದು ಒಂದು ಅಗಳು ಹಿಸುಕಿ ನೋಡಬಹುದು. ಒತ್ತಡ ತುಂಬಿದ ಡೈಜೆಸ್ಟರ್‌ನ ಮುಚ್ಚಳ ತೆಗೆಯಲಾಗದು. ಅದಕ್ಕಾಗಿ ಕಾಲ ಮತ್ತು ಶಾಖ ಎರಡನ್ನೂ ಕೂಡಿಸಿ ಎಚ್-ಫ್ಯಾಕ್ಟರ್ ಎಂಬ ಒಂದೇ ಅಂಕಿ ಮಾಡಿಕೊಂಡಿದ್ದಾರೆ. 100 ಡಿಗ್ರಿಯಲ್ಲಿ ಕ್ರಿಯೆಯ ವೇಗ 1 ಎಂದಿಟ್ಟುಕೊಂಡರೆ 170 ಡಿಗ್ರಿಯಲ್ಲಿ ಅದು 900ನ್ನು ದಾಟುತ್ತದೆ! ಹತ್ತು ನಿಮಿಷದ ಅಜಾಗರೂಕತೆಯ ಬೆಲೆ ಇದರಲ್ಲೇ ತಿಳಿಯುತ್ತದೆ. ಹೊರಬಂದ ಪಲ್ಪ್, ಅಂದರೆ ಬೆಂದ ನಾರಿನ ಮುದ್ದೆ, ಎಷ್ಟು ಪೊಟ್ಯಾಸಿಯಂ ಪರ್ಮಾಂಗನೇಟ್ ಕುಡಿಯುತ್ತದೆ ಎಂದು ಅಳೆದರೆ ಕಪ್ಪಾ ಸಂಖ್ಯೆ ಸಿಗುತ್ತದೆ. ಅದನ್ನು 0.15ರಿಂದ ಗುಣಿಸಿದರೆ ಉಳಿದ ಲಿಗ್ನಿನ್ನಿನ ಶೇಕಡಾವಾರು ಅಂದಾಜಾಗಿ ಬರುತ್ತದೆ. ನೀಲಗಿರಿ ಮರಕ್ಕೆ ಕಪ್ಪಾ 15ರಿಂದ 20ರ ನಡುವೆ ಇದ್ದರೆ ನಾವು ನೆಮ್ಮದಿಯಿಂದ ಚಹಾ ಕುಡಿಯುತ್ತಿದ್ದೆವು.

ಒಮ್ಮೆ ಮೊದಲ ಮಳೆ ಬಿದ್ದ ರಾತ್ರಿ ಪಾಳಿಯಲ್ಲಿ ನಾನು ಹಿಂದಿನ ದಿನದ ತೇವಾಂಶದ ಲೆಕ್ಕವನ್ನೇ ಹಿಡಿದು ಚಕ್ಕೆ ತೂಗಿಸಿದೆ. ತೂಕದಲ್ಲಿ ಮರಕ್ಕಿಂತ ನೀರು ಹೆಚ್ಚಾಗಿತ್ತು. ಮರ ಕಡಿಮೆ, ಕ್ಷಾರ ಹೆಚ್ಚು. ಬೆಳಿಗ್ಗೆ ಕಪ್ಪಾ 11 ಬಂದಿತ್ತು. ನೋಡಲು ಚೆಂದದ ಪಲ್ಪ್, ಎಳೆದರೆ ಹರಿಯುವ ನಾರು. ಮೇಲಧಿಕಾರಿ ಒಂದೂ ಮಾತಾಡಲಿಲ್ಲ, ಅದೇ ಹೆಚ್ಚು ನೋಯಿಸಿತು.

ಬಟ್ಟೆಗೆ ಬೇಕಾದ ಪಲ್ಪ್‌ನ ದಾರಿ ಇನ್ನೊಂದು. ಕಾಗದಕ್ಕೆ ಹೆಮಿಸೆಲ್ಯುಲೋಸ್ ಒಳ್ಳೆಯದು, ನಾರುಗಳನ್ನು ಬೆಸೆಯುತ್ತದೆ. ರೇಯಾನ್‌ಗೆ ಅದು ಕಿರಿಕಿರಿ. ಆದ್ದರಿಂದ ಕ್ಷಾರ ಹಾಕುವ ಮೊದಲು ಬರೀ ಹಬೆಯಲ್ಲಿ ಕಾಯಿಸುತ್ತಾರೆ. ಮರದೊಳಗಿನ ಅಸಿಟೈಲ್ ಗುಂಪುಗಳು ಬಿಡಿಸಿಕೊಂಡು ಅಸಿಟಿಕ್ ಆಮ್ಲವಾಗಿ, ಮರದ ಆಮ್ಲವೇ ಮರದ ಹೆಮಿಸೆಲ್ಯುಲೋಸನ್ನು ಒಡೆಯುತ್ತದೆ. ಆಮೇಲೆ ಕ್ರಾಫ್ಟ್. 100 ಕಿಲೋ ಒಣ ಕಟ್ಟಿಗೆಯಿಂದ ಕಾಗದದ ಪಲ್ಪ್ 45ರಿಂದ 50 ಕಿಲೋ ಬಂದರೆ, ರೇಯಾನ್ ಪಲ್ಪ್ 35ರಿಂದ 40 ಕಿಲೋ ಮಾತ್ರ. ನಿಮ್ಮ ಊರಿನ ಪಕ್ಕದ ಕುಮಾರಪಟ್ಟಣದಲ್ಲಿ ನೀಲಗಿರಿಯಿಂದ ತಯಾರಾಗುತ್ತಾ ಬಂದದ್ದು ಈ ಎರಡನೆಯ ಬಗೆ. ಅದನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿ ಜೇನಿನಂತೆ ಕರಗಿಸಿ, ಸಣ್ಣ ರಂಧ್ರಗಳ ಮೂಲಕ ಆಮ್ಲದ ತೊಟ್ಟಿಗೆ ಬಿಟ್ಟರೆ ಎಳೆಯಾಗುತ್ತದೆ. ಹುಡುಗನ ಅಂಗಿ ಅದೇ.

ಪ್ರಶ್ನೆ (ಹರಿಹರದ ಓದುಗರು):

ಪಲ್ಪ್ ಕಾರ್ಖಾನೆಯ ಆ ಕೊಳೆತ ಕೋಸಿನಂಥ ವಾಸನೆ ಎಲ್ಲಿಂದ ಸರ್? ಚಿಕ್ಕಂದಿನಿಂದ ಗಾಳಿ ತಿರುಗಿದಾಗಲೆಲ್ಲ ಮೂಗು ಮುಚ್ಚಿಕೊಂಡವರು ನಾವು.

ಉತ್ತರ:

ಸಲ್ಫೈಡ್‌ನಿಂದ. ಲಿಗ್ನಿನ್ನಿನ ಮೀಥಾಕ್ಸಿಲ್ ಗುಂಪುಗಳ ಜೊತೆ ಅದು ಸೇರಿ ಮೀಥೈಲ್ ಮರ್ಕ್ಯಾಪ್ಟನ್, ಡೈಮೀಥೈಲ್ ಸಲ್ಫೈಡ್ ಹುಟ್ಟುತ್ತವೆ. ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮೂಗಿಗೆ ಸಿಕ್ಕಿಬೀಳುತ್ತವೆ. ಈ ಅನಿಲಗಳನ್ನು ಹಿಡಿದು ಸುಡುವ ವ್ಯವಸ್ಥೆ ಇದೆ, ಸೋರಿಕೆ ತಡೆಯುವುದು ಕಾರ್ಖಾನೆಯ ಹೊಣೆ. ‘ಅದು ದುಡ್ಡಿನ ವಾಸನೆ’ ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು. ಕೇಳುವವರಿಗೆ ತಮಾಷೆಯಾಗಿರಲಿಲ್ಲ ಎಂಬುದು ನನಗೆ ತಡವಾಗಿ ಅರ್ಥವಾಯಿತು.

ಸಲ್ಫೈಡ್ ಬಿಟ್ಟರೆ ಏನು ಎಂದು ಕೇಳಬಹುದು. ಬರೀ ಕಾಸ್ಟಿಕ್ ಸೋಡಾದಲ್ಲಿ ಬೇಯುವುದು ನಿಧಾನ, ನಾರು ದುರ್ಬಲ. ಕ್ರಾಫ್ಟ್ ಗೆದ್ದ ಇನ್ನೊಂದು ಕಾರಣ ಬ್ಲ್ಯಾಕ್ ಲಿಕ್ಕರ್. ಬೆಂದ ಮೇಲಿನ ಆ ಕಪ್ಪು ರಸವನ್ನು ಗಟ್ಟಿ ಮಾಡಿ ಕುಲುಮೆಯಲ್ಲಿ ಸುಟ್ಟರೆ ಲಿಗ್ನಿನ್ ಉರುವಲಾಗಿ ಹಬೆ, ವಿದ್ಯುತ್ ಕೊಡುತ್ತದೆ. ತಳದಲ್ಲಿ ಕರಗಿ ಇಳಿಯುವ ಸೋಡಿಯಂ ಕಾರ್ಬೊನೇಟ್ ಮತ್ತು ಸಲ್ಫೈಡನ್ನು ನೀರಿಗೆ ಬಿಟ್ಟು ಸುಣ್ಣ ಸೇರಿಸಿದರೆ ಮತ್ತೆ ವೈಟ್ ಲಿಕ್ಕರ್.

ಪ್ರಶ್ನೆ (ಹಾನಗಲ್ ತಾಲ್ಲೂಕಿನ ಕೃಷಿಕರು):

ಎಲ್ಲ ಸರಿ. ಅದಕ್ಕೆ ನೀಲಗಿರಿಯೇ ಬೇಕೇ? ನಮ್ಮ ಕುಸನೂರಿನಲ್ಲಿ 1987ರಲ್ಲಿ ನಡೆದದ್ದನ್ನು ಮರೆತಿರಾ?

ಉತ್ತರ:

ಮರೆತಿಲ್ಲ ಯಜಮಾನರೇ. ಗೋಮಾಳದ ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ. ರಸಾಯನಶಾಸ್ತ್ರಕ್ಕೆ ನೀಲಗಿರಿಯೇ ಬೇಕೆಂದಿಲ್ಲ. ಬಿದಿರು, ಸುಬಾಬುಲ್, ಗಾಳಿಮರ ಎಲ್ಲವೂ ಬೇಯುತ್ತವೆ. ಬೇಗ ಬೆಳೆಯುತ್ತದೆ, ಕಡಿದರೆ ಮತ್ತೆ ಚಿಗುರುತ್ತದೆ, ಲೆಕ್ಕಕ್ಕೆ ಅಗ್ಗ ಎಂಬುದಕ್ಕೆ ಅದನ್ನು ಆರಿಸಿಕೊಂಡರು. ಯಾರ ನೆಲದಲ್ಲಿ ಬೆಳೆಸಬೇಕು ಎನ್ನುವುದಕ್ಕೆ ಡೈಜೆಸ್ಟರ್‌ನಲ್ಲಿ ಉತ್ತರ ಸಿಗುವುದಿಲ್ಲ.

ಪ್ರಶ್ನೆ (ಉಪನ್ಯಾಸಕಿ):

ಪ್ರಯೋಗದ ವಿಷಯ ಬಿಟ್ಟುಹೋಯಿತು ಸರ್.

ಉತ್ತರ:

ಕ್ಷಮಿಸಿ ಮೇಡಂ. ಮರ ಬೇಡ. ಒತ್ತಡವಿಲ್ಲದೆ ಅದು ಸರಿಯಾಗಿ ಬೇಯುವುದಿಲ್ಲ, ಕುಕ್ಕರ್‌ನಲ್ಲಿ ಕಾಸ್ಟಿಕ್ ಹಾಕುವ ಸಾಹಸ ಕನಸಿನಲ್ಲೂ ಬೇಡ. ಸಲ್ಫೈಡ್ ಮುಟ್ಟಲೇಬೇಡಿ, ಆಮ್ಲ ತಾಗಿದರೆ ಹೈಡ್ರೋಜನ್ ಸಲ್ಫೈಡ್ ಬಂದು ಜೀವಕ್ಕೇ ಅಪಾಯ. ಬಾಳೆಯ ಪಟ್ಟೆ ತನ್ನಿ, ಅದರಲ್ಲಿ ಲಿಗ್ನಿನ್ ಮರಕ್ಕಿಂತ ಬಹಳ ಕಡಿಮೆ. ಸಣ್ಣಗೆ ಕತ್ತರಿಸಿ ವಾಷಿಂಗ್ ಸೋಡಾ ನೀರಿನಲ್ಲಿ ಎರಡು ಮೂರು ಗಂಟೆ ಕುದಿಸಿ, ಕೈಗವಸು ಹಾಕಿಕೊಂಡು ಚೆನ್ನಾಗಿ ತೊಳೆದು, ಜರಡಿಯ ಮೇಲೆ ಹರಡಿ ಒಣಗಿಸಿ. ಒರಟು ಕಾಗದ ಸಿಗುತ್ತದೆ. ಪಕ್ಕದಲ್ಲಿ ವೃತ್ತಪತ್ರಿಕೆಯ ತುಂಡು, ಫಿಲ್ಟರ್ ಕಾಗದದ ತುಂಡು ಇಟ್ಟು ಮೂರಕ್ಕೂ ಆಮ್ಲ ಬೆರೆಸಿದ ಫ್ಲೋರೋಗ್ಲುಸಿನಾಲ್ ಹನಿ ಹಾಕಿ. ಲಿಗ್ನಿನ್ ಇದ್ದಲ್ಲಿ ಕೆಂಪಾಗುತ್ತದೆ. ಪತ್ರಿಕೆ ತಕ್ಷಣ ಕೆಂಪೇರುತ್ತದೆ, ಫಿಲ್ಟರ್ ಕಾಗದ ಬಿಳಿಯಾಗಿಯೇ ಉಳಿಯುತ್ತದೆ. ನಿಮ್ಮ ಬಾಳೆ ಕಾಗದ ಎಲ್ಲಿ ನಿಲ್ಲುತ್ತದೆ ಎಂದು ಹುಡುಗರು ಮೊದಲೇ ಊಹಿಸಿ ಬರೆದಿಡಲಿ.

ಇನ್ನೊಂದು ಮಾತು, ಅಲ್ಯೂಮಿನಿಯಂ ಪಾತ್ರೆ ಬೇಡ. ಸೋಡಾ ಅದನ್ನು ತಿನ್ನುತ್ತದೆ. ಸ್ಟೀಲ್ ಪಾತ್ರೆಯಲ್ಲೇ ಕುದಿಸಿ.