ಪದಚರ್ಚೆ: ‘ಲೂರ್’ಗೆ ಕನ್ನಡದಲ್ಲಿ ಏನೆನ್ನಬೇಕು? ಸೋಮವಾರದೊಳಗೆ ಬೇಕು

ಧಾರವಾಡದಿಂದ:

ಎಲ್ಲರಿಗೂ ನಮಸ್ಕಾರ. ಮಾಸಪತ್ರಿಕೆಯೊಂದಕ್ಕೆ ಗಾಳಗಾರನೊಬ್ಬನ ಬರಹವನ್ನು ಅನುವಾದಿಸುತ್ತಿದ್ದೇನೆ. ಅಮೆರಿಕದ ಟೆನೆಸಿ ಮತ್ತು ಕೆಂಟಕಿ ರಾಜ್ಯಗಳ ಗಡಿಯಲ್ಲಿ ಡೇಲ್ ಹಾಲೋ ಎಂಬ ಆಳವಾದ, ತಿಳಿನೀರಿನ ಸರೋವರವಿದೆ. ಅಲ್ಲಿ ಬ್ಯಾಸ್ ಮೀನು ಹಿಡಿಯುವ ಬಗೆಯೇ ಬರಹದ ವಿಷಯ. 1955ರಲ್ಲಿ 11 ಪೌಂಡ್ 15 ಔನ್ಸ್ ತೂಗಿದ ಸ್ಮಾಲ್‌ಮೌತ್ ಬ್ಯಾಸ್ ಸಿಕ್ಕಿದ್ದು ಅದೇ ನೀರಿನಲ್ಲಿ. ಆ ಜಾತಿಯ ಮಟ್ಟಿಗೆ ವಿಶ್ವದಾಖಲೆ ಇವತ್ತಿಗೂ ಅದೇ.

ತೊಡಕಾಗಿರುವುದು ‘ಲೂರ್’. ಮರ, ಲೋಹ ಅಥವಾ ಪ್ಲಾಸ್ಟಿಕ್ಕಿನಿಂದ ಮಾಡಿದ, ಮರಿಮೀನಿನಂತೆಯೋ ಹುಳುವಿನಂತೆಯೋ ಕಾಣುವ ವಸ್ತು. ಮೀನು ಅದನ್ನು ಜೀವವಿರುವ ಆಹಾರವೆಂದು ನಂಬಿ ಕಚ್ಚುತ್ತದೆ. ಮೊದಲ ಕರಡಿನಲ್ಲಿ ‘ಆಮಿಷ’ ಎಂದು ಬರೆದಿದ್ದೆ. ‘ಅವನು ಪೆಟ್ಟಿಗೆ ತೆರೆದು ಹೊಸದೊಂದು ಆಮಿಷವನ್ನು ಆರಿಸಿಕೊಂಡ’ ಎಂದು ಮನೆಯಲ್ಲಿ ಗಟ್ಟಿಯಾಗಿ ಓದಿದಾಗ ನನ್ನ ತಂದೆ, ‘ಇದು ಯಾವ ಚುನಾವಣೆಯ ಸುದ್ದಿ?’ ಎಂದು ಕೇಳಿದರು. ಅಲ್ಲಿಗೆ ಆ ಪದ ಹೋಯಿತು.

ಇನ್ನೊಂದು, ‘ಥರ್ಮೋಕ್ಲೈನ್’. ಬೇಸಿಗೆಯಲ್ಲಿ ಆಳದ ಸರೋವರದ ಮೇಲಿನ ನೀರು ಬೆಚ್ಚಗಾಗಿ ಹಗುರಾಗುತ್ತದೆ, ತಣ್ಣನೆಯ ನೀರು ಕೆಳಗೇ ಉಳಿಯುತ್ತದೆ. ಇವೆರಡರ ನಡುವೆ ಉಷ್ಣತೆ ಥಟ್ಟನೆ ಇಳಿಯುವ ಪದರಕ್ಕೆ ಈ ಹೆಸರು. ಬೇಸಿಗೆಯಲ್ಲಿ ಬ್ಯಾಸ್ ಎಷ್ಟು ಆಳದಲ್ಲಿ ಸಿಕ್ಕೀತು ಎಂದು ಲೆಕ್ಕ ಹಾಕುವಾಗಲೆಲ್ಲ ಲೇಖಕ ಇದನ್ನು ಎತ್ತುತ್ತಾನೆ.

ಇಡೀ ಬರಹ ನಿಂತಿರುವುದೇ ತಿಳಿನೀರಿನ ಮೇಲೆ. ಅಂಥ ನೀರಿನಲ್ಲಿ ಮೀನಿಗೆ ದಾರ ಕಾಣುತ್ತದೆ, ದೋಣಿಯ ನೆರಳೂ ಕಾಣುತ್ತದೆ. ಆದ್ದರಿಂದ ತೆಳ್ಳನೆಯ ದಾರ, ಮಾಸಲು ಬಣ್ಣದ ಚಿಕ್ಕ ಲೂರ್, ದೂರದ ಎಸೆತ. ಪುಟ ಸೋಮವಾರ ಅಚ್ಚಿಗೆ ಹೋಗುತ್ತದೆ. ದಯವಿಟ್ಟು ಬೇಗ ತಿಳಿಸಿ.

ಹುಬ್ಬಳ್ಳಿಯಿಂದ:

ಲೂರ್ ಎಂದೇ ಬರೆಯಿರಿ. ಅಂಗಡಿಯಲ್ಲಿ ರಾಡ್, ರೀಲ್, ಲೂರ್ ಎಂದೇ ಕೇಳಿ ಕೊಳ್ಳುತ್ತಾರೆ. ಮೀನಿನ ಹೆಸರಿಗೆ ನೀವು ಬಳಸಿದ ‘ಬ್ಯಾಸ್’ ಸರಿಯಾಗಿದೆ, ಬದಲಿಸಬೇಡಿ. ‘ಬಾಸ್’ ಎಂದರೆ ಓದುಗರಿಗೆ ಕಚೇರಿಯ ಯಜಮಾನ ಕಾಣುತ್ತಾನೆ, ‘ಬೇಸ್’ ಎಂದರೆ ಗಿಟಾರು. ಹೆಚ್ಚಿನ ಚರ್ಚೆ ಬೇಕಿಲ್ಲ.

ಗದಗದಿಂದ:

ಚರ್ಚೆ ಬೇಕು. ಕನ್ನಡದಲ್ಲಿ ಪದವಿದ್ದೂ ಇಲ್ಲವೆಂದು ಕೈಚೆಲ್ಲುವುದನ್ನು ಮೂವತ್ತು ವರ್ಷಗಳಿಂದ ನೋಡುತ್ತಿದ್ದೇನೆ.

ಗಾಳಕ್ಕೆ ಚುಚ್ಚುವ ತಿನಿಸಿಗೆ ಕನ್ನಡದ ಪದ ‘ಎರೆ’. ಎರೆಹುಳು ಎಂದರೆ ಎರೆಯಾಗಿ ಬಳಸುವ ಹುಳು. ನಮ್ಮ ಭಾಗದಲ್ಲಿ ಇದನ್ನು ಹೇಳಿದ ಕೂಡಲೇ, ‘ಅಲ್ಲ, ಎರೆಮಣ್ಣಿನಲ್ಲಿ ಇರುವುದರಿಂದ ಎರೆಹುಳು’ ಎಂದು ಯಾರಾದರೂ ಎದ್ದು ನಿಲ್ಲುತ್ತಾರೆ. ಗದಗ ಸೀಮೆಯೇ ಎರೆಭೂಮಿ, ಹಾಗೆ ತೋರುವುದು ಸಹಜ. ಆದರೆ ಆ ವ್ಯುತ್ಪತ್ತಿ ತಪ್ಪು. ತಮಿಳಿನ ‘ಇರೈ’ ನೋಡಿ: ಪ್ರಾಣಿಪಕ್ಷಿಗಳ ಆಹಾರ, ಬೇಟೆ. ತಮಿಳಿನ ‘ಇಲೈ’ ನಮ್ಮಲ್ಲಿ ‘ಎಲೆ’ ಆದ ಹಾಗೆಯೇ ‘ಇರೈ’ಗೆ ಸರಿಸಾಟಿಯಾಗಿ ‘ಎರೆ’. ತೆಲುಗಿನಲ್ಲಿ ಗಾಳಕ್ಕೆ ಹಾಕುವ ತಿನಿಸು ‘ಎರ’. ಮಲಯಾಳಿಗಳು ಎರೆಹುಳುವನ್ನು ‘ಮಣ್ಣಿರ’ ಎನ್ನುತ್ತಾರೆ, ಮಣ್ಣಿನ ‘ಇರ’. ‘ಇರ’ ಎಂಬುದಕ್ಕೇ ಮಣ್ಣು ಎಂಬ ಅರ್ಥವಿದ್ದಿದ್ದರೆ ಅದರ ಹಿಂದೆ ಇನ್ನೊಂದು ಮಣ್ಣನ್ನು ಯಾರು ಸೇರಿಸುತ್ತಿದ್ದರು? ನೀರೆರೆಯುವ ‘ಎರೆ’ಯನ್ನೂ ಇಲ್ಲಿಗೆ ಎಳೆದು ತರಬೇಡಿ. ಹಳಗನ್ನಡದಲ್ಲಿ ಅದು ಶಕಟರೇಫದ ‘ಎಱೆ’, ಬೇರೆಯೇ ಧಾತು.

ಹುಡುಗರಾಗಿದ್ದಾಗ ನಾವು ಹುಳು ಹುಡುಕುತ್ತಿದ್ದದ್ದು ಎರೆಹೊಲದಲ್ಲಿ ಅಲ್ಲ. ಬಿರುಕು ಬಿಟ್ಟ ಆ ಹೊಲದಲ್ಲಿ ಬೇಸಿಗೆಯಲ್ಲಿ ಸಲಿಕೆಯೇ ಇಳಿಯುತ್ತಿರಲಿಲ್ಲ. ಬಚ್ಚಲ ನೀರು ಹರಿದು ಹೋಗುವ ಕಡೆ, ತಿಪ್ಪೆಯ ಅಂಚನ್ನು ಮಗುಚಿದರೆ ಕೆಂಪಗೆ ಹೊರಳುತ್ತಿದ್ದವು. ತೆಂಗಿನ ಚಿಪ್ಪಿನಲ್ಲಿ ಒದ್ದೆ ಮಣ್ಣು ಹಾಕಿ, ಹುಳು ತುಂಬಿಕೊಂಡು ಕೆರೆಗೆ ಓಡುತ್ತಿದ್ದೆವು. ಗಾಳ ಬರಿದಾಗಿ ಮೇಲೆ ಬಂದರೆ ಅಣ್ಣ ಹೇಳುತ್ತಿದ್ದದ್ದು ಒಂದೇ ಮಾತು: ‘ಎರೆ ಹಾಕು.’ ‘ಹುಳು ಹಾಕು’ ಎಂದಲ್ಲ. ಒಮ್ಮೊಮ್ಮೆ ಚಿಪ್ಪಿನಲ್ಲಿ ಹುಳುವೇ ಇರುತ್ತಿರಲಿಲ್ಲ, ಜೋಳದ ಹಿಟ್ಟಿನ ಉಂಡೆ ಇರುತ್ತಿತ್ತು. ಅದೂ ಎರೆಯೇ.

ಆದ್ದರಿಂದ ಲೂರ್ ಎಂದರೆ ‘ಹುಸಿಯೆರೆ’. ಇನ್ನು ಸರೋವರ. ಡೇಲ್ ಹಾಲೋ ಎಂಬುದು ಓಬಿ ನದಿಗೆ ಕಟ್ಟಿದ, 1943ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದ ನಿಂತ ನೀರು. ಕಟ್ಟೆ ಕಟ್ಟಿ ನಿಲ್ಲಿಸಿದ ನೀರಿಗೆ ಕೆರೆ ಎನ್ನುವ ನಾಡಿನವರಿಗೆ ಸರೋವರ ಏಕೆ ಬೇಕು?

ಹಾವೇರಿಯಿಂದ:

ಗದಗದ ಹಿರಿಯರು ಎರೆಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಕೆರೆಯ ಬಗ್ಗೆ ಹೇಳಿದ್ದನ್ನು ಒಪ್ಪುವುದಿಲ್ಲ. ಕೆರೆ ಎಂದ ಕೂಡಲೇ ನಮ್ಮ ಓದುಗರ ಕಣ್ಣಿಗೆ ಬರುವುದು ಏರಿ, ತೂಬು, ಕೋಡಿ, ದಂಡೆಯಲ್ಲಿ ಎಮ್ಮೆ, ಮೊಣಕಾಲುದ್ದದ ಕೆಸರು, ಮಳೆಗಾಲದಲ್ಲಿ ಚಹಾದ ಬಣ್ಣದ ನೀರು. ಮೀನಿಗೆ ದಾರ ಕಾಣುವಷ್ಟು ತಿಳಿನೀರು ಎಂಬುದೇ ಬರಹದ ಜೀವಾಳವಾಗಿರುವಾಗ ಕೆರೆ ಎಂದರೆ ಎಲ್ಲವೂ ಕಲಕಿಹೋಗುತ್ತದೆ. ಸರೋವರ ಇರಲಿ.

‘ಹುಸಿಯೆರೆ’ ಬದಲು ‘ಕೃತಕ ಎರೆ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಕೃತಕ ಕಾಲು, ಕೃತಕ ಹಲ್ಲು ಎನ್ನುವುದಿಲ್ಲವೇ?

ಥರ್ಮೋಕ್ಲೈನ್ ನಮಗೆ ಹೊಸ ಅನುಭವವೇನೂ ಅಲ್ಲ. ಏಪ್ರಿಲ್ ತಿಂಗಳಲ್ಲಿ ಹೊಲದ ಬಾವಿಗೆ ಜಿಗಿದವರಿಗೆಲ್ಲ ಗೊತ್ತು. ಎದೆಯ ಮಟ್ಟದ ನೀರು ಬೆಚ್ಚಗಿರುತ್ತದೆ, ಕಾಲು ಕೆಳಗೆ ಚಾಚಿದರೆ ಪಾದ ಕೊರೆಯುತ್ತದೆ. ಅದಕ್ಕೆ ನಮ್ಮ ಊರಿನಲ್ಲಿ ಹೆಸರಿಲ್ಲ, ‘ಕೆಳಗೆ ತಣ್ಣೀರು ಹತ್ತಿತು’ ಎನ್ನುತ್ತೇವೆ. ‘ತಣ್ಣೀರಿನ ಗೆರೆ’ ಎಂದು ಬರೆಯಬಹುದು.

ಗದಗದಿಂದ:

‘ಕೃತಕ ಎರೆ’ ಬೇಡ. ನಾಳೆ ಯಾರಾದರೂ ಅದನ್ನು ‘ಕೃತಕೆರೆ’ ಎಂದು ಕೂಡಿಸಿ ಅರಿಸಮಾಸ ಮಾಡುತ್ತಾರೆ, ಓದುವವರು ಅದನ್ನು ಕೃತಕ ಕೆರೆ ಎಂದುಕೊಳ್ಳುತ್ತಾರೆ. ‘ತಣ್ಣೀರಿನ ಗೆರೆ’ ಚೆನ್ನಾಗಿದೆ.

ಮೀನಿನ ಹೆಸರಿಗೂ ಒಂದು ಸಲಹೆ ಇದೆ. ಬ್ಯಾಸಿನ ಕುಲನಾಮ ‘ಮೈಕ್ರಾಪ್ಟೆರಸ್’. ಗ್ರೀಕ್ ಮೂಲದಲ್ಲಿ ಅದಕ್ಕೆ ಕಿರುರೆಕ್ಕೆ ಎಂದು ಅರ್ಥ. ‘ಕಿರುರೆಕ್ಕೆ ಮೀನು’ ಎಂದರೆ ಎರವಲಿನ ಹಂಗೇ ಇರುವುದಿಲ್ಲ.

ಹುಬ್ಬಳ್ಳಿಯಿಂದ:

ಆ ಹೆಸರು ಹುಟ್ಟಿದ್ದೇ ತಪ್ಪಿನಿಂದ. 1802ರಲ್ಲಿ ಫ್ರಾನ್ಸಿನ ಲಾಸೆಪೇಡ್ ಅವರ ಮುಂದಿದ್ದ ಮೀನಿನ ಬೆನ್ನಿನ ರೆಕ್ಕೆ ಹರಿದಿತ್ತು. ಹರಿದು ಉಳಿದ ತುಂಡನ್ನೇ ಅವರು ಪ್ರತ್ಯೇಕವಾದ ಪುಟ್ಟ ರೆಕ್ಕೆಯೆಂದು ಭಾವಿಸಿ ಹೆಸರಿಟ್ಟರು. ಆ ತಪ್ಪನ್ನು ಕನ್ನಡಕ್ಕೆ ಅನುವಾದಿಸುವುದು ಬೇಡ.

ಎರವಲಿನ ಹಂಗು ಎಂಬ ಮಾತಿಗೆ ನನ್ನ ತೀವ್ರ ವಿರೋಧವಿದೆ. ನೀವು ಬೀಗಕ್ಕೆ ಹಾಕುವ ಚಾವಿ, ತಿಂಗಳಿಗೆ ಎಣಿಸುವ ಪಗಾರ, ಎರಡೂ ಪೋರ್ಚುಗೀಸ್ ಮೂಲದವು. ಅವುಗಳಿಂದ ನಮ್ಮ ಭಾಗದ ಕನ್ನಡ ಬಡವಾಗಿಲ್ಲ. ಇಂಗ್ಲಿಷಿನ ‘ಬ್ಯಾಸ್’ ಎಂಬುದೂ ಯುರೋಪಿನ ಪರ್ಚ್ ಮೀನಿನ ಹಳೆಯ ಹೆಸರು. ಅಮೆರಿಕಕ್ಕೆ ಹೋದವರು ಅದನ್ನು ಅಲ್ಲಿನ ಬೇರೆ ಕುಟುಂಬದ ಮೀನಿಗೆ ಅಂಟಿಸಿದರು. ಶುದ್ಧ ಹೆಸರು ಯಾರ ಬಳಿಯೂ ಇಲ್ಲ.

ಗದಗದಿಂದ:

ಚಾವಿಯನ್ನು ಬಿಡಿ ಎಂದು ನಾನು ಹೇಳಿಲ್ಲ. ಮನೆಯಲ್ಲಿ ಕೀಲಿ ಇರುವಾಗ ಪಕ್ಕದ ಮನೆಯ ಬಾಗಿಲು ತಟ್ಟಬೇಡಿ ಎಂದೆ. ಎರೆ ಎಂಬ ಪದ ಇನ್ನೂ ಜನರ ಬಾಯಲ್ಲಿದೆ. ನೀವು ಲೂರ್ ಎಂದು ಬರೆದು ಅಚ್ಚು ಹಾಕಿಸಿದ ದಿನದಿಂದ ಓದುವ ಮಕ್ಕಳಿಗೆ ಎರೆಹುಳು ಎಂಬುದು ಅರ್ಥವಿಲ್ಲದ ಜೋಡಿಪದವಾಗಿ ಉಳಿಯುತ್ತದೆ. ನನಗೆ ಸಂಕಟವಾಗುವುದು ಅದಕ್ಕೆ.

ಧಾರವಾಡದಿಂದ:

ಮೂವರಿಗೂ ಕೃತಜ್ಞತೆಗಳು. ರಾತ್ರಿ ಕುಳಿತು ಎಲ್ಲ ಪದಗಳನ್ನೂ ವಾಕ್ಯದಲ್ಲಿ ಇಟ್ಟು ನೋಡಿದೆ. ‘ಪೆಟ್ಟಿಗೆ ತೆರೆದು ಬೂದಿಬಣ್ಣದ ಹುಸಿಯೆರೆಯೊಂದನ್ನು ಆರಿಸಿಕೊಂಡ’ ಎಂದು ಓದಿದಾಗ ತಂದೆ ಏನನ್ನೂ ಕೇಳಲಿಲ್ಲ, ಮುಂದೆ ಓದು ಎಂದರು. ಹುಸಿಯೆರೆ ಎಂದೇ ಬರೆಯುತ್ತೇನೆ. ಮೊದಲ ಸಲ ಬಂದಲ್ಲಿ ಮಾತ್ರ, ಅಂಗಡಿಯವರು ಲೂರ್ ಎನ್ನುವ ಹುಸಿಯೆರೆ ಎಂದು ವಾಕ್ಯದೊಳಗೇ ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ಸರ್ ಅವರಿಗೆ ಇದು ಹಿಡಿಸಲಿಕ್ಕಿಲ್ಲ, ಕ್ಷಮೆಯಿರಲಿ.

ಮೀನಿನ ಹೆಸರನ್ನು ಮಾತ್ರ ಅವರು ಹೇಳಿದಂತೆ ಬ್ಯಾಸ್ ಎಂದೇ ಉಳಿಸುತ್ತೇನೆ. ಎರೆ ನಮ್ಮ ಕೈಯಲ್ಲಿದ್ದ ವಸ್ತು, ಅದಕ್ಕೆ ನಮ್ಮ ಪದವಿದೆ. ಬ್ಯಾಸನ್ನು ನಮ್ಮ ಕೆರೆಗಳಲ್ಲಿ ಯಾರೂ ಹಿಡಿದಿಲ್ಲ, ಅದು ತನ್ನ ಹೆಸರಿನೊಂದಿಗೇ ಬರಲಿ. ಜಪಾನಿನವರು ಮಾಡಿದ್ದು ನನಗೆ ಹಿಡಿಸಿತು. 1925ರಲ್ಲಿ ಅಲ್ಲಿನ ಆಶಿ ಸರೋವರಕ್ಕೆ ಈ ಮೀನನ್ನು ತಂದು ಬಿಟ್ಟರು. ಈಗ ಅವರು ಅದನ್ನು ‘ಓಕುಚಿ ಬಾಸು’ ಎನ್ನುತ್ತಾರೆ. ಓಕುಚಿ ಎಂದರೆ ದೊಡ್ಡ ಬಾಯಿ, ಅದು ಅವರ ಪದ. ಬಾಸು ಎರವಲು. ಅದೇ ದಾರಿಯಲ್ಲಿ ದೊಡ್ಡಬಾಯಿ ಬ್ಯಾಸ್, ಸಣ್ಣಬಾಯಿ ಬ್ಯಾಸ್ ಎಂದು ಬರೆಯುತ್ತೇನೆ. ಓದುಗರಿಗೆ ಗುರುತೂ ಸಿಗುತ್ತದೆ: ಮೇಲ್ದವಡೆ ಕಣ್ಣನ್ನು ದಾಟಿ ಹಿಂದಕ್ಕೆ ಹೋದರೆ ದೊಡ್ಡಬಾಯಿ, ದಾಟದಿದ್ದರೆ ಸಣ್ಣಬಾಯಿ.

ಸರೋವರ ಹಾಗೆಯೇ ಇರುತ್ತದೆ. ಥರ್ಮೋಕ್ಲೈನ್ ಬರುವ ಕಡೆಯಲ್ಲೆಲ್ಲ ‘ತಣ್ಣೀರಿನ ಗೆರೆ’ ಹಾಕಿದ್ದೇನೆ. ಆಳದಿಂದ ಬೇಗ ಎಳೆದ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬಿಕೊಂಡು ಅದು ಮತ್ತೆ ಕೆಳಗೆ ಇಳಿಯಲಾರದೆ ತೇಲುವ ಒಂದು ಭಾಗವಿದೆ. ಅದು ಕಷ್ಟವಾಗಲಿಲ್ಲ, ಗಾಳಿಚೀಲ ಎಲ್ಲರಿಗೂ ತಿಳಿಯುತ್ತದೆ.

ಒಂದೇ ಉಳಿದಿದೆ. ದಂಡೆಯಿಂದ ಸ್ವಲ್ಪ ದೂರ ನೆಲ ಸಮತಟ್ಟಾಗಿ ಹೋಗಿ, ನೀರಿನೊಳಗೆ ಒಮ್ಮೆಲೇ ಕಡಿದಾಗಿ ಇಳಿಯುವ ಜಾಗಕ್ಕೆ ಏನೆನ್ನಬೇಕು? ಮಡು ಎಂದರೆ ಇಳಿದ ಮೇಲಿನ ಆಳ, ನನಗೆ ಬೇಕಾದದ್ದು ಇಳಿಯುವ ಅಂಚು. ತುಂಗಭದ್ರೆ, ವರದೆಯ ದಂಡೆಯಲ್ಲಿ ಬಲೆ ಬೀಸುವವರ ಬಾಯಲ್ಲಿ ಪದವಿರಲೇಬೇಕು. ಹಾವೇರಿಯವರು ಭಾನುವಾರ ಸಂಜೆಯೊಳಗೆ ಕೇಳಿ ತಿಳಿಸಿದರೆ ಉಪಕಾರವಾಗುತ್ತದೆ.