ಮಳೆಗಾಲ ಮತ್ತು ಬೆಣ್ಣೆಕೃಷ್ಣನ ತಂಜಾವೂರು ಚಿತ್ರ: ಅನುಭವ ಇದ್ದವರು ಹೇಳಿ

ಮಂಗಳೂರು, ಉರ್ವದಿಂದ: ಅಮ್ಮನ ಆಸೆಗೆ ತಂಜಾವೂರಿನಿಂದ ತರಿಸಿದ ಬೆಣ್ಣೆಕೃಷ್ಣನ ಚಿತ್ರ ದೇವರ ಕೋಣೆಯಲ್ಲಿದೆ. ಈ ಮಳೆಗೆ ಗಾಜಿನೊಳಗೆ ಬಿಳಿ ಚುಕ್ಕೆ ಬಂದಿದೆ. ಬಿಚ್ಚಿ ಒರೆಸಬಹುದಾ?

ಉಡುಪಿಯಿಂದ: ಒದ್ದೆ ಬಟ್ಟೆ ಮಾತ್ರ ತಾಗಿಸ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ, ನಾನು ತಾಗಿಸಿ ಕೆಟ್ಟೆ. ಆ ಚಿತ್ರದಲ್ಲಿ ಒಡವೆ, ಕಂಬ, ಗಡಿಗೆ ಎಲ್ಲ ಉಬ್ಬಿ ಕಾಣುತ್ತದಲ್ಲ, ಅದು ಸುಣ್ಣಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಎತ್ತರಿಸಿದ್ದು. ಅದರ ಮೇಲೆ ಚಿನ್ನದ ರೇಕು. ಅಡಿಯಲ್ಲಿ ಮರದ ಹಲಗೆಗೆ ಅಂಟಿಸಿದ ಬಟ್ಟೆ. ನೀರು ಸೋಕಿದರೆ ಅಂಟು ಮೆತ್ತಗಾಗುತ್ತದೆ. ನಾನು ಒರೆಸಿದ ಎರಡನೇ ದಿನ ಕೃಷ್ಣನ ಉಡಿದಾರದಲ್ಲಿ ಕೂದಲೆಳೆಯಷ್ಟು ಬಿರುಕು. ವಾರದೊಳಗೆ ಭತ್ತದ ಕಾಳಿನಷ್ಟು ರೇಕು ಎದ್ದು, ಒಳಗಿನ ಬಿಳಿ ಕಂಡಿತು. ಮಗುವಿನ ಸೊಂಟಕ್ಕೆ ಗಾಯ ಆದ ಹಾಗೆ ಕಂಡು ಆ ದಿನ ನನಗೆ ಊಟ ಸೇರಲಿಲ್ಲ.

ಚಿತ್ರ ಬರೆಯುವವರೊಬ್ಬರು ಸರಿಮಾಡಿ ಕೊಟ್ಟರು. ತಪ್ಪು ಎಲ್ಲಿ ಅಂತಲೂ ತೋರಿಸಿದರು: ಚೌಕಟ್ಟು ಹಾಕಿದವರು ಗಾಜನ್ನು ಚಿತ್ರಕ್ಕೆ ತಾಗುವಂತೆ ಕೂರಿಸಿದ್ದರು, ನಾನು ಅದನ್ನು ಪಡುಗೋಡೆಗೆ ತೂಗಿಸಿದ್ದೆ. ನಮ್ಮ ಕಡೆ ಮಳೆ ಹೊಡೆಯುವುದೇ ಪಡುವಣದಿಂದ, ಆ ಗೋಡೆ ಸೆಪ್ಟೆಂಬರ್‌ವರೆಗೂ ತಣ್ಣಗೆ ಬೆವರುತ್ತದೆ. ಈಗ ಒಳಗೋಡೆಯಲ್ಲಿದೆ. ಹಿಂದೆ ನಾಲ್ಕು ಮೂಲೆಗೂ ಬಾಟಲಿ ಬಿರಡೆಯ ತುಂಡು ಅಂಟಿಸಿದ್ದೇನೆ, ಗಾಳಿ ಆಡುತ್ತದೆ.

ಕಾರ್ಕಳದಿಂದ: ಬಿಚ್ಚುವ ಮೊದಲು ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಚುಕ್ಕೆಯ ನೆರಳು ಚಿತ್ರದ ಮೇಲೆ ಬಿದ್ದರೆ ಬೂಸ್ಟು ಗಾಜಿಗೆ ಹಿಡಿದದ್ದು, ಗಾಜು ಬದಲಿಸಿದರೆ ಆಯ್ತು. ನೆರಳಿಲ್ಲದಿದ್ದರೆ ಬಣ್ಣಕ್ಕೇ ಹಿಡಿದಿರಬಹುದು, ಬಲ್ಲವರಿಗೇ ಕೊಡಿ. ದೀಪವನ್ನು ಚಿತ್ರದ ನೇರ ಕೆಳಗೆ ಇಡಬೇಡಿ, ಎಣ್ಣೆಮಸಿ ರೇಕಿನ ಹೊಳಪು ತಿನ್ನುತ್ತದೆ.

ಕದ್ರಿಯಿಂದ: ಕೇಳಿದ್ದಕ್ಕೆ ಹೊರತಾದ ಮಾತು, ಆದರೂ ಮುಂದೆ ಬರೆಸುವವರಿಗೆ ಹೇಳುತ್ತೇನೆ. ತಂಜಾವೂರಿನವರು ಬಾಲಕೃಷ್ಣ ಅಂದರೆ ಕೈಗೆ ಬೆಣ್ಣೆಯನ್ನೇ ಕೊಡುತ್ತಾರೆ, ಮೈಬಣ್ಣವೂ ಹೆಚ್ಚಾಗಿ ಬಿಳಿ. ಉಡುಪಿಯ ಕೃಷ್ಣ ಬೇಕಿದ್ದರೆ ಬಲಗೈಗೆ ಕಡಗೋಲು, ಎಡಗೈಗೆ ನೇಣು ಎಂದು ಮೊದಲೇ ಹೇಳಬೇಕು. ನಾವು ಮಠದ ಫೋಟೋ ಕಳಿಸಿಯೇ ಬರೆಸಿದ್ದು. ಕಿಂಡಿಯ ಮುಂದೆ ನಿಂತಾಗ ಕಾಣುವ ಮುಖ ಮನೆಯಲ್ಲೂ ಇರಬೇಕಿತ್ತು ನಮಗೆ.

ಉರ್ವದಿಂದ: ಟಾರ್ಚ್ ಹಾಕಿದೆ. ನೆರಳು ಬೆಣ್ಣೆ ಗಡಿಗೆಯ ಮೇಲೆ ಬೀಳುತ್ತಿದೆ, ಗಾಜಿನದ್ದೇ! ಅಮ್ಮನಿಗೆ ಜೀವ ಬಂತು. ಸದ್ಯಕ್ಕೆ ಇಳಿಸಿ ಚಾವಡಿಯ ಒಳಗೋಡೆಗೆ ಒರಗಿಸಿದ್ದೇವೆ. ಗಾಜು ಹಾಕುವವರಿಗೆ ನಡುವೆ ಪಟ್ಟಿ ಕೊಟ್ಟು ಅಂತರ ಬಿಡ್ಲಿಕ್ಕೆ ಹೇಳುತ್ತೇನೆ.