ಎಕ್ಸ್‌ಟ್ರೆಮದೂರಾದ ಹಳೆಯ ಊರುಗಳಲ್ಲಿ ನಾಲ್ಕು ದಿನ: ನಿಮ್ಮ ಅನುಭವ ತಿಳಿಸುವಿರಾ?

ಕೋರಿಕೆ: ಏಪ್ರಿಲ್ ತಿಂಗಳಿನಲ್ಲಿ ಕೆಲಸದ ನಿಮಿತ್ತ ಮ್ಯಾಡ್ರಿಡ್‌ಗೆ ಬರುತ್ತಿದ್ದೇನೆ. ಜೊತೆಯಲ್ಲಿ ಅರವತ್ತೆಂಟು ವರ್ಷದ ನನ್ನ ತಾಯಿಯವರೂ ಇರುತ್ತಾರೆ. ಕೆಲಸ ಮುಗಿದ ಮೇಲೆ ಸಿಗುವ ನಾಲ್ಕು ದಿನಗಳನ್ನು ಪಶ್ಚಿಮ ಸ್ಪೇನಿನ ಎಕ್ಸ್‌ಟ್ರೆಮದೂರಾ ಪ್ರಾಂತ್ಯದಲ್ಲಿ ಕಳೆಯಬೇಕೆಂಬ ಆಸೆಯಿದೆ. ಅಮ್ಮನಿಗೆ ಇತಿಹಾಸವೆಂದರೆ ಬಹಳ ಪ್ರೀತಿ, ಆದರೆ ಮಂಡಿನೋವಿದೆ. ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ 1: ಕೆಲವು ವರ್ಷಗಳಿಂದ ಮ್ಯಾಡ್ರಿಡ್‌ನಲ್ಲಿ ನೆಲೆಸಿರುವ ನಾನು ಈ ಪ್ರಾಂತ್ಯಕ್ಕೆ ಮೂರು ಬಾರಿ ಹೋಗಿದ್ದೇನೆ. ಮೊದಲು ರೈಲಿನಲ್ಲಿ ಮೆರಿದಾಕ್ಕೆ ಹೋಗಿ, ಅಲ್ಲಿಂದ ಕಾಸೆರೆಸ್‌ಗೆ ಬಂದು, ಕೊನೆಗೆ ಬಸ್ಸಿನಲ್ಲಿ ತ್ರುಹಿಯೊ ನೋಡಿಕೊಂಡು ಮ್ಯಾಡ್ರಿಡ್‌ಗೆ ಮರಳಿ ಎಂಬುದು ನನ್ನ ಸಲಹೆ. ಹೀಗೆ ಹೋದರೆ ರೋಮನ್ನರು, ಅರಬರು, ಅಮೆರಿಕ ಖಂಡವನ್ನು ಗೆಲ್ಲಲು ಹೊರಟವರು ಎಂಬ ಕಾಲಕ್ರಮ ತಾನಾಗಿಯೇ ಕಣ್ಣಮುಂದೆ ತೆರೆದುಕೊಳ್ಳುತ್ತದೆ.

ಮೆರಿದಾ ಕ್ರಿ.ಪೂ. 25ರಲ್ಲಿ ಚಕ್ರವರ್ತಿ ಅಗಸ್ಟಸ್‌ನ ಆಜ್ಞೆಯಂತೆ ನಿವೃತ್ತ ಸೈನಿಕರಿಗಾಗಿ ಕಟ್ಟಿಸಿದ ಊರು. ಅಲ್ಲಿನ ರಂಗಮಂದಿರ ಶತಮಾನಗಳ ಕಾಲ ಮಣ್ಣಿನಡಿ ಹೂತುಹೋಗಿತ್ತು. ಮೇಲಿನ ಆಸನಗಳ ಏಳು ತುಂಡುಗಳು ಮಾತ್ರ ಹೊರಗೆ ಕಾಣುತ್ತಿದ್ದುದರಿಂದ ಊರಿನವರು ಆ ಜಾಗವನ್ನು 'ಏಳು ಕುರ್ಚಿಗಳು' ಎಂದೇ ಕರೆಯುತ್ತಿದ್ದರು. 1910ರಲ್ಲಿ ಉತ್ಖನನ ಆರಂಭವಾದ ಮೇಲೆ ಇಡೀ ಮಂದಿರ ಬೆಳಕಿಗೆ ಬಂದಿತು. ಮೇಲಿನ ಸಾಲುಗಳಿಗೆ ಹೋಗುವ ಮೆಟ್ಟಿಲುಗಳು ಕಡಿದಾಗಿವೆ; ತಾಯಿಯವರು ಕೆಳಗಿನಿಂದಲೇ ವೇದಿಕೆಯ ಎರಡು ಅಂತಸ್ತಿನ ಕಂಬಸಾಲನ್ನು ನೋಡಿದರೂ ಕಳೆದುಕೊಳ್ಳುವುದೇನಿಲ್ಲ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಗ್ವಾದಿಯಾನಾ ನದಿಯ ದಡದಲ್ಲಿರುವ ಅಲ್ಕಜಾಬಾ ಕೋಟೆ. 835ರಲ್ಲಿ ಎರಡನೆಯ ಅಬ್ದ್ ಅಲ್ ರಹಮಾನ್ ಕಟ್ಟಿಸಿದ ಈ ಕೋಟೆಯೊಳಗೆ, ನಮ್ಮ ಮೆಟ್ಟಿಲುಬಾವಿಗಳನ್ನು ನೆನಪಿಸುವಂತೆ, ಕತ್ತಲಲ್ಲಿ ಇಳಿದು ಹೋಗುವ ಮೆಟ್ಟಿಲುಗಳ ಕೊನೆಯಲ್ಲಿ ನದಿಯಿಂದ ಸೋಸಿ ಬಂದ ನೀರು ನಿಂತಿದೆ. ಆ ದಾರಿಯ ಬಾಗಿಲುಗಳಿಗೆ ನಿಲ್ಲಿಸಿರುವುದು ಅರಬರಿಗಿಂತ ಮೊದಲು ಆಳಿದ ವಿಸಿಗೋತರ ಕಾಲದ ಕೆತ್ತನೆಯ ಕಲ್ಲುಗಳು. ಮೆಟ್ಟಿಲಿಳಿಯುವುದು ಕಷ್ಟವಾದರೆ, ಪಕ್ಕದಲ್ಲೇ ಸುಮಾರು 790 ಮೀಟರ್ ಉದ್ದದ ರೋಮನ್ ಸೇತುವೆಯಿದೆ. ಅದು ಈಗ ಪಾದಚಾರಿಗಳಿಗೆ ಮಾತ್ರ ಮೀಸಲು. ಸಂಜೆ ನಿಧಾನವಾಗಿ ನಡೆಯಲು ಹಿತವಾಗಿದೆ.

ರಂಗಮಂದಿರ, ಕೋಟೆ ಮೊದಲಾದವಕ್ಕೆ ಒಟ್ಟಾಗಿ ಒಂದೇ ಟಿಕೆಟ್ ಸಿಗುತ್ತದೆ. ವಾಸ್ತುಶಿಲ್ಪಿ ರಫಾಯೆಲ್ ಮೊನೆಯೊ ವಿನ್ಯಾಸಗೊಳಿಸಿದ ರೋಮನ್ ಕಲೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಪ್ರತ್ಯೇಕ ಟಿಕೆಟ್ ಬೇಕು. ಸೋಮವಾರ ಅದಕ್ಕೆ ರಜೆ.

ಉತ್ತರ 2: ಮೇಲಿನವರು ಹೇಳಿದ ಕ್ರಮವನ್ನು ನಾನೂ ಒಪ್ಪುತ್ತೇನೆ. ಕಾಸೆರೆಸ್ ಬಗ್ಗೆ ಒಂದು ಮಾತು: ಅಲ್ಲಿ ಒಂದು ರಾತ್ರಿಯಾದರೂ ಕೋಟೆಗೋಡೆಯ ಒಳಗೆ ಅಥವಾ ಅದರ ಅಂಚಿನಲ್ಲಿಯೇ ತಂಗಿರಿ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋದಾಗ ನಾವು ಅಗ್ಗವೆಂದು ರೈಲು ನಿಲ್ದಾಣದ ಬಳಿ ಕೋಣೆ ಹಿಡಿದೆವು. ಹಳೆಯ ಊರು ಅಲ್ಲಿಂದ ದೂರ. ದಿನಕ್ಕೆ ಎರಡೆರಡು ಬಾರಿ ಓಡಾಡಿ ಅಪ್ಪ ದಣಿದುಹೋದರು, ಅವರು ಆಸೆಪಟ್ಟಿದ್ದ ರಾತ್ರಿಯ ನಡಿಗೆ ತಪ್ಪಿಹೋಯಿತು. ಆ ಬೇಸರ ನನಗೆ ಇಂದಿಗೂ ಇದೆ.

1986ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಹಳೆಯ ಊರಿನಲ್ಲಿ ಶ್ರೀಮಂತ ಮನೆತನಗಳು ಪರಸ್ಪರ ಕಾದಾಡುತ್ತ ಎತ್ತರೆತ್ತರದ ಗೋಪುರಗಳನ್ನು ಕಟ್ಟಿಕೊಂಡಿದ್ದವು. 15ನೆಯ ಶತಮಾನದಲ್ಲಿ ರಾಣಿ ಇಸಬೆಲ್ ಅವುಗಳ ತಲೆ ಕತ್ತರಿಸಿಹಾಕಲು ಆಜ್ಞೆ ಮಾಡಿದಾಗ, ತನ್ನ ಪಕ್ಷದಲ್ಲಿ ನಿಂತ ಮನೆತನದ ಒಂದು ಗೋಪುರವನ್ನು ಮಾತ್ರ ಹಾಗೆಯೇ ಬಿಟ್ಟಳು. ಇಂದು ಅದರ ಹೆಸರು ಕೊಕ್ಕರೆಗಳ ಗೋಪುರ. ಏಪ್ರಿಲ್‌ನಲ್ಲಿ ಊರಿನ ಮಾಡುಗಳ ಮೇಲೆಲ್ಲ ಬಿಳಿಕೊಕ್ಕರೆಗಳು ಗೂಡು ಕಟ್ಟಿರುತ್ತವೆ. ಅವು ಕೊಕ್ಕು ಬಡಿಯುವ ಸದ್ದು ಓಣಿಗಳಲ್ಲಿ ಕೇಳುತ್ತಲೇ ಇರುತ್ತದೆ. ವೆಲೆತಾಸ್ ಅರಮನೆಯ ನೆಲಮಾಳಿಗೆಯಲ್ಲಿ ಅರಬರ ಕಾಲದ, ಕುದುರೆ ಲಾಳದಾಕಾರದ ಕಮಾನುಗಳ ನೀರಿನ ತೊಟ್ಟಿಯಿದೆ. ಅದನ್ನು ನೋಡಲೇಬೇಕು, ಆದರೆ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ. ಓಣಿಗಳೆಲ್ಲ ಕಲ್ಲು ಹಾಸಿದ ಏರು ದಾರಿಗಳಾದ್ದರಿಂದ ತಾಯಿಯವರಿಗೆ ಊರುಗೋಲು, ಜಾರದ ಚಪ್ಪಲಿ ಇರಲಿ.

ಉತ್ತರ 3: ತ್ರುಹಿಯೊಗೆ ರೈಲಿಲ್ಲ, ಕಾಸೆರೆಸ್‌ನಿಂದ ಬಸ್ಸಿದೆ. ಪೆರುವಿನ ಇಂಕಾ ಸಾಮ್ರಾಜ್ಯವನ್ನು ಕೆಡವಿದ ಫ್ರಾನ್ಸಿಸ್ಕೊ ಪಿಜಾರೊ ಹುಟ್ಟಿದ ಊರಿದು. ಚೌಕದಲ್ಲಿರುವ ಅವನ ಕುದುರೆಯ ಪ್ರತಿಮೆಯನ್ನೇ ನೋಡಿ ಹೊರಟುಬಿಡಬೇಡಿ. ಎದುರಿನ ವಿಜಯದ ಅರಮನೆಯ ಮೂಲೆಯಲ್ಲಿ ಪಿಜಾರೊನ ಜೊತೆಗೆ ಇಂಕಾ ರಾಜಕುಮಾರಿ ಇನೆಸ್ ವೈಲಾಸ್ ಯುಪಾಂಕಿ, ಅವರ ಮಗಳು ಫ್ರಾನ್ಸಿಸ್ಕಾ, ಆ ಮಗಳನ್ನೇ ಮದುವೆಯಾದ ಪಿಜಾರೊನ ತಮ್ಮ ಎರ್ನಾಂದೊ ಇವರ ಮುಖಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಗೆದ್ದವರ ಮನೆಯ ಗೋಡೆಯಲ್ಲಿ ಸೋತವರ ಮಗಳ ಮುಖ! ಮಾರ್ಗದರ್ಶಕರು ಗೆಲುವಿನ ಕಥೆಯನ್ನಷ್ಟೇ ಹೇಳಬಹುದು. ನಿಮ್ಮ ತಾಯಿಯವರಿಗೆ ನೀವು ಎರಡೂ ಕಥೆಗಳನ್ನು ಹೇಳಿ.

ಕೋರಿದವರ ಮರುಮಾತು: ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಗ್ವಾದಲೂಪೆಯ ಮಠವನ್ನೂ ಸೇರಿಸಿಕೊಳ್ಳಬಹುದೇ?

ಉತ್ತರ 1: ಅಲ್ಲಿನ ಜುರ್ಬರಾನ್‌ನ ವರ್ಣಚಿತ್ರಗಳು ಅಪೂರ್ವವಾದವು. ಆದರೆ ಬೆಟ್ಟದ ದಾರಿ, ಬಸ್ಸುಗಳು ವಿರಳ. ಸ್ವಂತ ಕಾರಿಲ್ಲದಿದ್ದರೆ ಈ ಬಾರಿ ಬಿಟ್ಟುಬಿಡಿ, ಆ ಒಂದು ದಿನವನ್ನು ಕಾಸೆರೆಸ್‌ಗೇ ಕೊಡಿ.